ಗೊಂಬೆ ಚಿತ್ರದಲ್ಲಿ ಫ್ಲಿಕ್ಕರ್ ಬರ್ತಿದೆ: ಬದಲಾಯಿಸಬೇಕಾದ್ದು ಕ್ಯಾಮೆರಾನಾ, ಲೆನ್ಸಾ?

ಹಾಳೆಗೊಂಬೆ, ಸಾಗರ:
ಎಲ್ಲರಿಗೂ ನಮಸ್ಕಾರ. ಅಡಿಕೆ ಹಾಳೆ, ಜೇಡಿಮಣ್ಣಿನಲ್ಲಿ ಗೊಂಬೆ ಮಾಡಿ, ತುಸು ತುಸು ಸರಿಸುತ್ತಾ ಒಂದೊಂದೇ ಫೋಟೋ ಹಿಡಿದು ಸ್ಟಾಪ್ ಮೋಷನ್ ಚಿತ್ರ ತೆಗೆಯುತ್ತಿದ್ದೇನೆ. ಸೆಟ್ ಊಟದ ಮೇಜಿನಷ್ಟಿದೆ. ಹಳೆಯ 18 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಕಿಟ್ ಲೆನ್ಸ್. ಮ್ಯಾನುವಲ್ ಮೋಡ್, ಐಎಸ್‌ಒ 100, ಎಫ್/11, ವೈಟ್ ಬ್ಯಾಲೆನ್ಸ್ ಕೂಡ ಫಿಕ್ಸ್. ಆದರೂ ಓಡಿಸಿ ನೋಡಿದರೆ ಒಂದು ಫ್ರೇಮ್ ತುಸು ಕಪ್ಪು, ಮುಂದಿನದು ತುಸು ಬಿಳಿ. ನೋಡುತ್ತಾ ಕಣ್ಣು ನೋಯುತ್ತದೆ. ಅಂಗಡಿಯಲ್ಲಿ ಕೇಳಿದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಮಿರರ್‌ಲೆಸ್ ತಗೊಳ್ಳಿ ಅಂದರು. ಅಷ್ಟು ದುಡ್ಡಿಗೆ ಮುಂದಿನ ಅಡಿಕೆ ಕೊಯ್ಲಿನವರೆಗೆ ಕಾಯಬೇಕು. ನಿಜಕ್ಕೂ ಕ್ಯಾಮೆರಾದ್ದೇ ತೊಂದರೆಯಾ?

ದುರ್ಗಿಗುಡಿ, ಶಿವಮೊಗ್ಗ:
ದಯವಿಟ್ಟು ಈಗಲೇ ಕ್ಯಾಮೆರಾ ಕೊಳ್ಳಬೇಡಿ. ಫುಲ್ ಎಚ್‌ಡಿ ಚಿತ್ರಕ್ಕೆ ಬೇಕಾಗುವುದು ಸುಮಾರು 2 ಮೆಗಾಪಿಕ್ಸೆಲ್, 4ಕೆಗೆ ಸುಮಾರು 8. ನಿಮ್ಮ 18 ಧಾರಾಳವಾಯಿತು.

ನನ್ನ ಅನುಮಾನ ಲೆನ್ಸಿನ ಅಪರ್ಚರ್ ಮೇಲೆ, ಅಂದರೆ ಬೆಳಕು ಒಳಗೆ ಬಿಡುವ ಕಿಂಡಿಯ ಮೇಲೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು. ಕಿಟ್ ಲೆನ್ಸ್ ಯಾವಾಗಲೂ ಪೂರ್ತಿ ತೆರೆದೇ ಇರುತ್ತದೆ. ಬಟನ್ ಒತ್ತಿದ ಕ್ಷಣ ಒಳಗಿನ ಬ್ಲೇಡುಗಳು ಎಫ್/11ಕ್ಕೆ ಮುಚ್ಚಿಕೊಂಡು, ಫೋಟೋ ಆದ ಮೇಲೆ ಮತ್ತೆ ತೆರೆದುಕೊಳ್ಳುತ್ತವೆ. ಪ್ರತಿ ಸಲ ಅದೇ ಜಾಗಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದು ನಿಲ್ಲುವುದಿಲ್ಲ. ಒಂದೇ ಫೋಟೋ ಆದರೆ ಅದು ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ 12 ಫೋಟೋ ಓಡಿದಾಗ ಎದ್ದು ಕಾಣುತ್ತದೆ. ಹೊಸ ಮಿರರ್‌ಲೆಸ್ ತಂದು ಅದಕ್ಕೂ ಹೀಗೆ ತೆರೆದು ಮುಚ್ಚುವ ಲೆನ್ಸೇ ಹಾಕಿದರೆ ಮತ್ತೆ ಇದೇ ಕಥೆ.

ಒಂದು ಪರೀಕ್ಷೆ ಮಾಡಿ. ಗೊಂಬೆ ಮುಟ್ಟಬೇಡಿ. ಎಫ್/11ರಲ್ಲಿ 20 ಫೋಟೋ ತೆಗೆಯಿರಿ. ಆಮೇಲೆ ಲೆನ್ಸ್ ಪೂರ್ತಿ ತೆರೆದು, ಶಟರ್ ಹೊಂದಿಸಿಕೊಂಡು, ಮತ್ತೆ 20. ಪೂರ್ತಿ ತೆರೆದಾಗ ಬ್ಲೇಡುಗಳು ಅಲ್ಲಾಡುವುದೇ ಇಲ್ಲ. ಎರಡನೇ ಸಾಲಿನಲ್ಲಿ ಫ್ಲಿಕ್ಕರ್ ಹೋದರೆ ತಪ್ಪು ಅಪರ್ಚರ್‌ದು. ಹೋಗದಿದ್ದರೆ ಬೆಳಕಿನದು.

ಹಾಳೆಗೊಂಬೆ, ಸಾಗರ:
ಮಾಡಿದೆ ಸರ್. ತೆರೆದಿಟ್ಟಾಗ ಪಟಪಟ ಅನ್ನುವುದು ಪೂರ್ತಿ ನಿಂತಿತು! ಆದರೆ ಸಂಜೆ ತೆಗೆದದ್ದರಲ್ಲಿ ಚಿತ್ರ ನಿಧಾನವಾಗಿ ಕಪ್ಪಾಗುತ್ತಾ ಹೋಗುತ್ತದೆ. ಲೈಟು ಎರಡು ಹಳೇ ಕಾಲದ ಬಲ್ಬು, ಪಕ್ಕದಲ್ಲಿ ಕಿಟಕಿ.

ಮಳೆಕಾಡು, ತೀರ್ಥಹಳ್ಳಿ:
ಅದು ಬೇರೆಯದೇ ಕಾಯಿಲೆ. ಸಂಜೆ ಎಲ್ಲರ ಮನೆಯಲ್ಲೂ ಲೈಟು ಹತ್ತಿದಾಗ ನಮ್ಮ ಕಡೆ ವೋಲ್ಟೇಜ್ ಇಳಿಯುತ್ತದೆ. ಹಳೇ ಬಲ್ಬು ಅದರ ಜೊತೆಗೇ ಡಿಮ್ ಆಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಎಲ್‌ಇಡಿ ಪ್ಯಾನಲ್ ತಗೊಳ್ಳಿ, ಕರೆಂಟ್ ಹೋದರೂ ಶಾಟ್ ಕೆಡುವುದಿಲ್ಲ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ. ಮಲೆನಾಡಿನ ಮೋಡ ನಂಬಿ ಗೊಂಬೆ ಚಿತ್ರ ತೆಗೆಯಲು ಆಗುವುದಿಲ್ಲ. ಬಿಳಿ ಅಂಗಿ ಹಾಕಿಕೊಂಡು ಸೆಟ್ ಪಕ್ಕ ನಿಂತರೂ ಅದರ ಬೆಳಕು ಗೊಂಬೆಯ ಮೇಲೆ ಬೀಳುತ್ತದೆ, ಗಮನಿಸಿ.

ಮನೆಯ ಕರೆಂಟಿನ ಲೈಟನ್ನೇ ಬಳಸುವುದಾದರೆ ಶಟರ್ ನಿಧಾನ ಇರಲಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅರ್ಧ ಸೆಕೆಂಡ್ ಇಟ್ಟರೆ ಅದೆಲ್ಲ ಸರಾಸರಿಯಾಗಿ ಹೋಗುತ್ತದೆ. ಗೊಂಬೆ ಹೇಗೂ ಅಲ್ಲಾಡುವುದಿಲ್ಲ, ಅಲ್ವಾ?

ಟ್ರೈಪಾಡ್ ಎಲ್ಲಿದೆ? ಉಪ್ಪರಿಗೆಯ ಹಲಗೆ ನೆಲದಲ್ಲಿದ್ದರೆ ಮೊದಲು ಕೆಳಗೆ ತನ್ನಿ. ನೀವು ನಡೆದಾಗೆಲ್ಲ ಹಲಗೆ ಬಾಗುತ್ತದೆ, ಫ್ರೇಮ್ ಜರುಗುತ್ತದೆ.

ದುರ್ಗಿಗುಡಿ, ಶಿವಮೊಗ್ಗ:
ಇನ್ನು ಲೆನ್ಸ್. ಅಪರ್ಚರ್ ರಿಂಗ್ ಇರುವ ಹಳೇ ಮ್ಯಾನುವಲ್ ಲೆನ್ಸ್ ನಿಮಗೆ ಬೇಕು. ಆದರೆ ಕ್ಯಾಮೆರಾ ಬಾಡಿ ಯಾವುದು ಅನ್ನುವುದು ಇಲ್ಲಿ ತುಂಬಾ ಮುಖ್ಯ.

ಕ್ಯಾನನ್ ಇಎಫ್ ಬಾಡಿಯಾದರೆ ಸುಲಭ. ರಿಂಗ್ ಇರುವ ನಿಕಾನ್ ಎಐ ಅಥವಾ ಎಐ-ಎಸ್ ಲೆನ್ಸ್‌ಗೆ ಒಂದು ಅಡಾಪ್ಟರ್ ಸಾಕು. ಕ್ಯಾನನ್‌ನಲ್ಲಿ ಮೌಂಟ್‌ನಿಂದ ಸೆನ್ಸರ್‌ಗೆ 44 ಮಿಮೀ, ನಿಕಾನ್‌ನಲ್ಲಿ 46.5. ಆ ಎರಡೂವರೆ ಮಿಲಿಮೀಟರಿನಲ್ಲಿ ಅಡಾಪ್ಟರ್ ಕೂರುತ್ತದೆ. ಲೆನ್ಸನ್ನು ತೆರೆದು ಹಿಡಿಯುವ ಲಿವರ್ ಕ್ಯಾನನ್‌ನಲ್ಲಿ ಇಲ್ಲ. ಹಾಗಾಗಿ ರಿಂಗನ್ನು ಎಫ್/8ಕ್ಕೆ ತಿರುಗಿಸಿದರೆ ಬ್ಲೇಡು ಅಲ್ಲೇ ನಿಲ್ಲುತ್ತದೆ. ಇದು ಬಡವರ ಉಪಾಯ ಅಂದುಕೊಳ್ಳಬೇಡಿ. 2005ರಲ್ಲಿ ಬಂದ ‘ಕಾರ್ಪ್ಸ್ ಬ್ರೈಡ್’ ಗೊಂಬೆ ಚಿತ್ರವನ್ನು ಕ್ಯಾನನ್ ಸ್ಟಿಲ್ ಕ್ಯಾಮೆರಾಗಳಿಗೆ ನಿಕಾನ್ ಲೆನ್ಸ್ ಹಾಕಿಯೇ ತೆಗೆದರು.

ನಿಕಾನ್ ಬಾಡಿಯಾದರೆ ಎಚ್ಚರ. ಅದರ ಲಿವರ್ ಹಳೇ ನಿಕಾನ್ ಲೆನ್ಸನ್ನೂ ಪ್ರತಿ ಫೋಟೋಗೆ ತೆರೆದು ಮುಚ್ಚುತ್ತದೆ, ರಿಂಗ್ ಇದ್ದೂ ಪ್ರಯೋಜನವಿಲ್ಲ. ಅದಕ್ಕೆ ಗಾಜಿಲ್ಲದ ಅಡಾಪ್ಟರ್ ಮೂಲಕ ಎಂ42 ತಿರುಪಿನ ಲೆನ್ಸ್ ಹಾಕಿ. ದೂರದ ಬೆಟ್ಟಕ್ಕೆ ಫೋಕಸ್ ಆಗುವುದಿಲ್ಲ, ಮೇಜಿನ ಮೇಲಿನ ಗೊಂಬೆಗೆ ಚೆನ್ನಾಗಿ ಆಗುತ್ತದೆ. ಲೆನ್ಸಿನಲ್ಲಿ ಆಟೋ-ಮ್ಯಾನುವಲ್ ಸ್ವಿಚ್ ಇದ್ದರೆ ಮ್ಯಾನುವಲ್‌ಗೆ ಇಡಿ.

ಹಾಳೆಗೊಂಬೆ, ಸಾಗರ:
ನನ್ನದು ಕ್ಯಾನನ್. ಲೆನ್ಸ್ ಸಿಗುವವರೆಗೆ ಕಿಟ್ ಲೆನ್ಸಿನಲ್ಲೇ ಏನಾದರೂ ಮಾಡಬಹುದಾ? ಕೊಳ್ಳುವುದಾದರೆ ಎಷ್ಟು ಮಿಲಿಮೀಟರಿನದು?

ದುರ್ಗಿಗುಡಿ, ಶಿವಮೊಗ್ಗ:
ಮಾಡಬಹುದು. ಮೊದಲು ಫೋಕಸ್ ಮುಗಿಸಿ. ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ (ಫೋಟೋಗೆ ಮೊದಲೇ ಬ್ಲೇಡು ಮುಚ್ಚಿ ತೋರಿಸುವುದು) ಒತ್ತಿ ಹಿಡಿದು, ಲೆನ್ಸ್ ಬಿಚ್ಚುವ ಗುಂಡಿಯನ್ನೂ ಒತ್ತಿ, ಲೆನ್ಸನ್ನು ಒಂಚೂರೇ ತಿರುಗಿಸಿ. ಸಂಪರ್ಕ ತಪ್ಪಿ ಬ್ಲೇಡು ಮುಚ್ಚಿದಲ್ಲೇ ಉಳಿಯುತ್ತದೆ. ಪರದೆಯಲ್ಲಿ ಎಫ್ ಸಂಖ್ಯೆ 00 ಬಂದರೆ ಕೆಲಸ ಆಯಿತು. ಲೆನ್ಸ್ ಆಗ ಲಾಕ್ ಆಗಿರುವುದಿಲ್ಲ, ಬೀಳದಂತೆ ಟೇಪ್ ಸುತ್ತಿ. ಎಸ್‌ಟಿಎಂ (ಫೋಕಸ್ ರಿಂಗ್ ಮೋಟಾರಿನ ಮೂಲಕ ನಡೆಯುವ) ಲೆನ್ಸ್ ಆದರೆ ಆಮೇಲೆ ಫೋಕಸ್ ರಿಂಗ್ ಕೆಲಸ ಮಾಡುವುದಿಲ್ಲ. ಶಾಟ್ ನಡುವೆ ಫೋಕಸ್ ಬದಲಾಗಬೇಕಿದ್ದರೆ ಈ ದಾರಿ ಬೇಡ.

ಕೊಳ್ಳುವುದಾದರೆ ಮೊದಲು 35. ನಿಮ್ಮ ಚಿಕ್ಕ ಸೆನ್ಸರಿನಲ್ಲಿ ಅದು ಫುಲ್ ಫ್ರೇಮಿನ 56ರ ಹಾಗೆ ಕಾಣುತ್ತದೆ. 50 ಹಾಕಿದರೆ 80ರಷ್ಟಾಗಿ, ಇಡೀ ಸೆಟ್ ಹಿಡಿಯಲು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕಾಗುತ್ತದೆ. ಮುಖದ ಕ್ಲೋಸಪ್‌ಗೆ ಸೆಕೆಂಡ್‌ಹ್ಯಾಂಡಿನಲ್ಲಿ 55 ಎಂಎಂ ಎಫ್/2.8 ಮೈಕ್ರೋ ನಿಕ್ಕಾರ್ ಹುಡುಕಿ. 25 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ, ಹಾಳೆಯ ನಾರು ಕೂಡ ಎಣಿಸಬಹುದು. ಎಫ್/1.8, 1.4 ಅಂತ ಜಾಸ್ತಿ ದುಡ್ಡು ಸುರಿಯಬೇಡಿ. ಲೆನ್ಸನ್ನು ಅಷ್ಟು ತೆರೆದು ಇಷ್ಟು ಹತ್ತಿರದಿಂದ ತೆಗೆದಾಗ ಗೊಂಬೆಯ ಮೂಗು ಸ್ಪಷ್ಟ, ಕಿವಿ ಮಬ್ಬು. ನೋಡುವವರಿಗೆ ಅದು ಚಿಕ್ಕ ಆಟಿಕೆ ಅಂತ ತಕ್ಷಣ ಗೊತ್ತಾಗುತ್ತದೆ. ನಿಮಗೆ ಬೇಕಿರುವುದು ಎಫ್/8ರಿಂದ 11. 16 ದಾಟಿದರೆ ಇಡೀ ಚಿತ್ರ ಮೆತ್ತಗಾಗುತ್ತದೆ.

ಮಳೆಕಾಡು, ತೀರ್ಥಹಳ್ಳಿ:
ಕೊಳ್ಳುವ ಮೊದಲು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಗಾಜಿನೊಳಗೆ ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬೇಡ ಅನ್ನಿ. ಬ್ಲೇಡಿನ ಮೇಲೆ ಎಣ್ಣೆ ಹೊಳೆಯುತ್ತಿದೆಯಾ ಅಂತಲೂ ನೋಡಿ. ಮನೆಗೆ ತಂದ ಮೇಲೆ ಚರ್ಮದ ಕೇಸಿನಲ್ಲಿಟ್ಟು ಬೀರುವಿಗೆ ಹಾಕಬೇಡಿ, ನಮ್ಮ ಮಳೆಗಾಲದಲ್ಲಿ ಬೂಸ್ಟು ಮೊದಲು ಹಿಡಿಯುವುದೇ ಅದಕ್ಕೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. 40ರಿಂದ 50 ಪರ್ಸೆಂಟ್ ಒಳಗಿರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.

ಹಾಳೆಗೊಂಬೆ, ಸಾಗರ:
ತುಂಬಾ ಉಪಕಾರವಾಯಿತು. ಸದ್ಯಕ್ಕೆ 35 ಮತ್ತು ಅಡಾಪ್ಟರ್, ಉಳಿದ ದುಡ್ಡಿಗೆ ಲೈಟು. ಕೊನೆಯದೊಂದು ಪ್ರಶ್ನೆ: ಶಾಟ್ ಮಧ್ಯೆ ಬ್ಯಾಟರಿ ಬದಲಿಸಿದಾಗೆಲ್ಲ ಫ್ರೇಮ್ ಕದಲುತ್ತದೆ.

ದುರ್ಗಿಗುಡಿ, ಶಿವಮೊಗ್ಗ:
ಡಮ್ಮಿ ಬ್ಯಾಟರಿ ಸಿಗುತ್ತದೆ, ನಿಮ್ಮ ಮಾಡೆಲ್ ನಂಬರ್ ಹೇಳಿ ತರಿಸಿ. ಬ್ಯಾಟರಿ ಜಾಗದಲ್ಲಿ ಅದು ಕೂರುತ್ತದೆ, ವೈರು ಕರೆಂಟಿನ ಅಡಾಪ್ಟರಿಗೆ. ಅದನ್ನು ಯುಪಿಎಸ್‌ಗೆ ಸಿಕ್ಕಿಸಿ, ಗೋಡೆಯ ಪ್ಲಗ್‌ಗೆ ನೇರವಾಗಿ ಬೇಡ. ವೈರನ್ನು ಟ್ರೈಪಾಡ್ ಕಾಲಿಗೆ ಕಟ್ಟಿ, ಇಲ್ಲದಿದ್ದರೆ ಕಾಲಿಗೆ ತೊಡರಿ ಕ್ಯಾಮೆರಾನೇ ಎಳೆಯುತ್ತದೆ.