ವೃಶ್ಚಿಕದ ಕೊಂಡಿಯ ಸುತ್ತಲಿನ ಮಸುಕುಗಳಲ್ಲಿ ತೆರೆದ ಗುಚ್ಛಗಳು ಯಾವುವು?

ಪ್ರಶ್ನೆ:
ಜಾಗ ಚಿತ್ರದುರ್ಗದ ಹತ್ತಿರ, ದಕ್ಷಿಣಕ್ಕೆ ದೀಪಗಳ ಕಾಟವಿಲ್ಲ. 10x50 ಬೈನಾಕ್ಯುಲರ್, ಟ್ರೈಪಾಡ್ ಇವೆ. ಏಪ್ರಿಲ್ ಕೊನೆಯಲ್ಲಿ ಬೆಳಗಿನ ಜಾವ ಮೂರೂವರೆಗೆ ವೃಶ್ಚಿಕದ ಬಾಲದ ಸುತ್ತ ನಾಲ್ಕೈದು ಮಸುಕು ಕಲೆಗಳು ಕಾಣುತ್ತವೆ. ಇವುಗಳಲ್ಲಿ ತೆರೆದ ಗುಚ್ಛಗಳಾದ (ಬಿಡಿಬಿಡಿಯಾಗಿ ಹರಡಿದ ನಕ್ಷತ್ರಗಳ ಗುಂಪುಗಳಾದ) ಎಂ6, ಎಂ7 ಯಾವುವು? ಒಂದು ನಕ್ಷತ್ರಕ್ಕೆ ಅಂಟಿಕೊಂಡಂತಿರುವ ಸಣ್ಣ ಮಸುಕು ಎಷ್ಟು ಫೋಕಸ್ ಮಾಡಿದರೂ ಬಿಡಿ ಚುಕ್ಕೆಗಳಾಗುವುದಿಲ್ಲ. ಅದೂ ತೆರೆದ ಗುಚ್ಛವೇ?

ಉತ್ತರ 1:
ಮೂಲಾ ನಕ್ಷತ್ರದಿಂದ ಶುರು ಮಾಡಿ. ಕೊಂಡಿಯ ತುದಿಯಲ್ಲಿ ಒತ್ತಾಗಿರುವ ಎರಡರಲ್ಲಿ ಹೆಚ್ಚು ಹೊಳೆಯುವುದೇ ಅದು. ಆ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ಮೂಲಾದಿಂದ ಎಡಕ್ಕೆ, ತುಸು ಮೇಲಕ್ಕೆ ಸುಮಾರು 4.7 ಡಿಗ್ರಿಯಲ್ಲಿ ಎಂ7. ಕೈ ಚಾಚಿ ಮೂರು ಬೆರಳು ಹಿಡಿದರೆ ಹೆಚ್ಚುಕಡಿಮೆ ಅಷ್ಟೇ ಅಳತೆ. ಎಂ6 ಮೂಲಾದ ಮೇಲ್ಗಡೆ ಸುಮಾರು 5 ಡಿಗ್ರಿ, ಸ್ವಲ್ಪವೇ ಎಡಕ್ಕೆ. ಎರಡರ ನಡುವೆ 4 ಡಿಗ್ರಿಯೂ ಇಲ್ಲ, ಆದ್ದರಿಂದ ಒಂದೇ ನೋಟದಲ್ಲಿ ಸಿಗುತ್ತವೆ.

ಎಂ7 ಬರಿಗಣ್ಣಿಗೇ ಕಾಣುತ್ತದೆ, 3.3 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು). ಎಂ ಎಂದರೆ ಪ್ಯಾರಿಸ್‌ನ ಖಗೋಳಜ್ಞ ಮೆಸ್ಸಿಯೆ ಮಾಡಿದ ಮಸುಕು ಕಾಯಗಳ ಪಟ್ಟಿ, ಅದರಲ್ಲಿ ಅತಿ ದಕ್ಷಿಣದ್ದು ಇದೇ. ಪ್ಯಾರಿಸ್‌ನಲ್ಲಿ ದಿಗಂತದಿಂದ 7 ಡಿಗ್ರಿಯೂ ಏರದ ಇದು ನಿಮ್ಮಲ್ಲಿ 41 ಡಿಗ್ರಿ ಏರುತ್ತದೆ. ಎಂ6 ಚಿಕ್ಕದು, ಚಿಟ್ಟೆಯ ಆಕಾರ. ಅದರ ಎಡ ಅಂಚಿನಲ್ಲಿ ಕಿತ್ತಳೆ ಬಣ್ಣದ ಬಿಎಂ ಸ್ಕಾರ್ಪಿಯೈ ನಕ್ಷತ್ರ ಇದೆ (ಸ್ಕಾರ್ಪಿಯೈ ಎಂದರೆ ವೃಶ್ಚಿಕದ್ದು). ಇದರ ಹೊಳಪು ಏರಿಳಿಯುವುದರಿಂದ ಕೆಲವು ತಿಂಗಳು ಎದ್ದು ಕಾಣದೆ ಇರಬಹುದು.

ಉತ್ತರ 2:
ನಿಮ್ಮ ಒಡೆಯದ ಮಸುಕು ಎಂ7ರ ಕೆಳಗೆ ಎರಡು ಡಿಗ್ರಿ ಚಿಲ್ಲರೆ ದೂರದಲ್ಲಿದ್ದರೆ ಅದು ಎನ್‌ಜಿಸಿ 6441 (ಎನ್‌ಜಿಸಿ ಇಂಥ ಕಾಯಗಳ ಇನ್ನೊಂದು ಪಟ್ಟಿ), ಜಿ ಸ್ಕಾರ್ಪಿಯೈ ನಕ್ಷತ್ರದ ಪಕ್ಕ. ತೆರೆದ ಗುಚ್ಛವಲ್ಲ, ಗೋಳಗುಚ್ಛ. ತೆರೆದ ಗುಚ್ಛದಲ್ಲಿ ನಕ್ಷತ್ರಗಳು ಬಿಡಿಬಿಡಿಯಾಗಿರುತ್ತವೆ, ಇದರಲ್ಲಿ ಲಕ್ಷಗಟ್ಟಲೆ ನಕ್ಷತ್ರಗಳು ತುಂಬಾ ದೂರದಲ್ಲಿ ಒತ್ತಿ ಕೂತಿವೆ. 10 ಪಟ್ಟು ಹಿಗ್ಗಿಸಿದರೂ ಹತ್ತಿಯ ಉಂಡೆಯಂತೆಯೇ ಉಳಿಯುತ್ತದೆ.

ಆದರೆ ಮಸುಕು ಬಿಡಿ ಚುಕ್ಕೆಗಳಾಗುತ್ತದೆಯೋ ಇಲ್ಲವೋ ಎಂಬ ಈ ಪರೀಕ್ಷೆ ನಂಬಬೇಕಾದರೆ ಫೋಕಸ್ ಸರಿಯಿರಬೇಕು. ಮೊದಲು ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಮೂಲಾವನ್ನು ಎಡಗಣ್ಣಿಗೆ ಸೂಜಿಮೊನೆಯಷ್ಟು ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಬಲಗಡೆಯ ಡಯಾಪ್ಟರ್ (ಆ ಕಣ್ಣಿನದಷ್ಟೇ ಫೋಕಸ್ ಬದಲಿಸುವ ಉಂಗುರ) ಮಾತ್ರ ತಿರುಗಿಸಿ. ಇದನ್ನು ಬಿಟ್ಟರೆ ಎಂ6 ಕೂಡ ಗೋಳಗುಚ್ಛದ ಹಾಗೆ ಕಾಣುತ್ತದೆ. ಮಸೂರದ ಮೇಲೆ ಇಬ್ಬನಿ ಕೂತರೂ ಹಾಗೇ.

ಪ್ರಶ್ನೆ ಕೇಳಿದವರು:
ಹೌದು, ಎಂ7ರ ಕೆಳಗೇ ಇದೆ. ಬಾಲ ಎಡಕ್ಕೆ ಹೊರಳುವ ಕಡೆ ಧೂಮಕೇತುವಿನಂಥದ್ದು?

ಉತ್ತರ 1:
ಅದರ ತಲೆ ಎನ್‌ಜಿಸಿ 6231, ಝೀಟಾ ಸ್ಕಾರ್ಪಿಯೈ ಜೋಡಿಯಿಂದ ಅರ್ಧ ಡಿಗ್ರಿ ಮೇಲೆ. ಬಾಲದಂತೆ ಕಾಣುವುದು ಅದರ ಮೇಲ್ಗಡೆಯ ಚದುರಿದ ಟ್ರಂಪ್ಲರ್ 24 ಎಂಬ ಗುಚ್ಛ. ಎರಡೂ ತೆರೆದ ಗುಚ್ಛಗಳೇ. ಝೀಟಾ ಜೋಡಿಯ ಕಿತ್ತಳೆ ನಕ್ಷತ್ರವನ್ನು ಗುಚ್ಛಕ್ಕೆ ಸೇರಿಸಬೇಡಿ, ಅದು ನಮಗೆ ಬಹಳ ಹತ್ತಿರದ್ದು.