ಕೆಚ್ಚಲು ಬಾವಿನ ಮೇಲೆ ಪಿಎಚ್‌ಡಿ: ಸ್ಯಾಂಪಲ್ ತೆಗೆಯುವ ಮೊದಲು ಏನೇನು ತೀರ್ಮಾನ ಆಗಿರಬೇಕು?

ತೊರೆ:
ಪಶುವೈದ್ಯ ವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರಿದ್ದೇನೆ. ವಿಷಯ: ಹಸುಗಳ ಸುಪ್ತ ಕೆಚ್ಚಲು ಬಾವು (ಹೊರಗೆ ಲಕ್ಷಣ ಕಾಣದ ಕೆಚ್ಚಲಿನ ಸೋಂಕು), ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾಗಳ ಆ್ಯಂಟಿಬಯೋಟಿಕ್ ಪ್ರತಿರೋಧ. ಸಿನಾಪ್ಸಿಸ್‌ನಲ್ಲಿ (ಸಂಶೋಧನಾ ಯೋಜನೆಯ ಸಾರಾಂಶ) 100 ಹಸು, ತಲಾ ನಾಲ್ಕು ತೊಟ್ಟು, ಒಟ್ಟು 400 ಹಾಲಿನ ಸ್ಯಾಂಪಲ್ ಅಂತ ಬರೆದಿದ್ದೇನೆ. ಸಾಕಾಗುತ್ತಾ? ಶುರು ಮಾಡುವ ಮೊದಲು ಇನ್ನೇನು ಪಕ್ಕಾ ಆಗಿರಬೇಕು?

ಅಂಕಿಕಣ:
ರೋಗದ ಪ್ರಮಾಣ 50%, ನಿಖರತೆ ±5%, ವಿಶ್ವಾಸ ಮಟ್ಟ 95% ಅಂತ ಹಿಡಿದರೆ ಎಷ್ಟು ಸ್ಯಾಂಪಲ್ ಬೇಕು ಅನ್ನುವ ಸೂತ್ರ 385 ಕೊಡುತ್ತದೆ. ನಿಮ್ಮ 400 ಬಂದಿರೋದು ಬಹುಶಃ ಅಲ್ಲಿಂದಲೇ. ಆದರೆ ಪ್ರತಿ ಸ್ಯಾಂಪಲ್ಲೂ ಉಳಿದವುಗಳಿಂದ ಸ್ವತಂತ್ರ ಅಂತ ಆ ಸೂತ್ರ ನಂಬುತ್ತದೆ. ಒಂದೇ ಹಸುವಿನ ನಾಲ್ಕು ತೊಟ್ಟು ಹಾಗಲ್ಲ. ಒಂದೇ ಕೊಟ್ಟಿಗೆಯ ಹಸುಗಳೂ ಅಲ್ಲ, ಕರೆಯುವ ಕೈ ಒಂದೇ, ಮಲಗುವ ನೆಲ ಒಂದೇ.

ಮೊದಲು ಲೆಕ್ಕದ ಘಟಕ ಯಾವುದು ಅಂತ ನಿರ್ಧರಿಸಿ: ತೊಟ್ಟೋ, ಹಸುವೋ, ಹಿಂಡೋ? ಹಸು ಅಂತಾದರೆ, ಒಂದು ಹಿಂಡಿನಿಂದ 10 ಹಸು, ಹಿಂಡಿನೊಳಗಿನ ಹೋಲಿಕೆಯ ಗುಣಾಂಕ (ಒಂದೇ ಹಿಂಡಿನ ಹಸುಗಳು ಎಷ್ಟು ಒಂದೇ ಥರ ಅನ್ನುವ ಅಳತೆ) 0.1 ಎಂದಿಟ್ಟುಕೊಳ್ಳಿ. ಆಗ 385ನ್ನು ಗುಣಿಸಬೇಕಾದ ಗುಣಕ: 1 + (10−1) × 0.1 = 1.9. ಅಂದರೆ 385 ಹಸು ಅಲ್ಲ, 732 ಹಸು. ಒಂದು ಹಿಂಡಿನಿಂದ 20 ತೆಗೆದರೆ ಗುಣಕ 2.9 ಆಗಿ 1,117ಕ್ಕೆ ಏರುತ್ತದೆ. ಹಾಗಾಗಿ ಹಿಂಡುಗಳ ಸಂಖ್ಯೆ ಹೆಚ್ಚಿರಲಿ, ಪ್ರತಿ ಹಿಂಡಿನಿಂದ ಹಸು ಕಡಿಮೆ ಇರಲಿ. ಅಷ್ಟು ಆಗಲ್ಲ ಅಂದರೆ ±5% ಬಿಟ್ಟು ±7% ಇಟ್ಟುಕೊಳ್ಳಿ, ಅದನ್ನು ಸಿನಾಪ್ಸಿಸ್‌ನಲ್ಲೇ ಬರೆಯಿರಿ.

ಪ್ರತಿರೋಧದ ಭಾಗಕ್ಕೆ ಇದು ಇನ್ನೂ ಬಿಗಿ. ಕೊನೆಗೆ 40 ಸ್ಟ್ಯಾಫಿಲೊಕಾಕಸ್ ಆರಿಯಸ್ (ಕೆಚ್ಚಲು ಬಾವು ತರುವ ಒಂದು ಬ್ಯಾಕ್ಟೀರಿಯಾ, ಚಿಕ್ಕದಾಗಿ ಸ್ಟ್ಯಾಫ್) ಐಸೊಲೇಟ್, ಅಂದರೆ ಹಾಲಿನಿಂದ ಬೇರ್ಪಡಿಸಿ ಬೆಳೆಸಿದ ಮಾದರಿ, ಸಿಕ್ಕು, ಅವುಗಳಲ್ಲಿ 8 ಪ್ರತಿರೋಧಿ ಆದವು ಅನ್ನಿ. 20% ಅಂತ ಬರೆಯಬಹುದು, ಆದರೆ ನಿಜವಾದ ಪ್ರಮಾಣ ಸುಮಾರು 10ರಿಂದ 35%ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳುವುದೇ ಇದನ್ನ.

ಅಗಾರ್:
ಲೆಕ್ಕ ಸರಿಯಿದ್ದರೂ ಸ್ಯಾಂಪಲ್ ಕೆಟ್ಟರೆ ಎಲ್ಲ ಹೋಯಿತು. ಮೊದಲ ಮೂರ್ನಾಲ್ಕು ಧಾರೆ ಚೆಲ್ಲಿ. 70% ಆಲ್ಕೋಹಾಲ್ ಹತ್ತಿಯಿಂದ ತೊಟ್ಟಿನ ತುದಿ ಒರೆಸುವಾಗ ದೂರದ ತೊಟ್ಟುಗಳಿಂದ ಶುರು ಮಾಡಿ, ಹಾಲು ಹಿಡಿಯುವಾಗ ಹತ್ತಿರದ್ದರಿಂದ. ಇಲ್ಲದಿದ್ದರೆ ಒರೆಸಿದ ತೊಟ್ಟಿಗೇ ನಿಮ್ಮ ತೋಳು ತಗಲುತ್ತದೆ. ಟ್ಯೂಬನ್ನು ಓರೆಯಾಗಿ ಹಿಡಿಯಿರಿ, ಮುಚ್ಚಳದ ಒಳಭಾಗ ಮುಟ್ಟಬೇಡಿ.

ಐಸ್‌ನಲ್ಲಿ ಸಾಗಿಸಿ 24 ಗಂಟೆಯೊಳಗೆ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಲು) ಹಾಕಿ. ಬ್ಲಡ್ ಅಗಾರ್ (ರಕ್ತ ಬೆರೆಸಿದ ಬೆಳೆಸುವ ಮಾಧ್ಯಮ) ಮೇಲೆ 0.01 ಮಿ.ಲೀ. ಹಾಲು, 37 ಡಿಗ್ರಿ, 24 ಮತ್ತು 48 ಗಂಟೆಗೆ ಎರಡೂ ಸಲ ನೋಡಿ. ಮೂರು ಅಥವಾ ಹೆಚ್ಚು ಬಗೆಯ ಕಾಲೊನಿ ಬಂದರೆ ಅದು ಕಲುಷಿತ ಸ್ಯಾಂಪಲ್, 'ಮಿಶ್ರ ಸೋಂಕು' ಅಂತ ಬರೆಯಬೇಡಿ.

ಸುಪ್ತ ಬಾವು ಗುರುತಿಸಲು ಸೊಮ್ಯಾಟಿಕ್ ಸೆಲ್ (ಹಾಲಿನಲ್ಲಿರುವ ಹಸುವಿನದೇ ಜೀವಕೋಶ) ಎಣಿಕೆಯ ಮಿತಿಯಾಗಿ ಮಿ.ಲೀ.ಗೆ 2,00,000 ಬಳಸುವುದು ರೂಢಿ. ಕರು ಹಾಕಿದ ಮೊದಲ ವಾರದಲ್ಲಿ ಸೋಂಕಿಲ್ಲದೆಯೂ ಎಣಿಕೆ ಏರಿರುತ್ತದೆ, ಆ ಹಸುಗಳನ್ನು ಹೊರಗಿಡಿ. ಇತ್ತೀಚೆಗೆ ಆ್ಯಂಟಿಬಯೋಟಿಕ್ ಕೊಟ್ಟವನ್ನೂ ಹೊರಗಿಡಬೇಕು.

ಡಿಸ್ಕ್ ಪರೀಕ್ಷೆಗೆ (ಆ್ಯಂಟಿಬಯೋಟಿಕ್ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಅಳೆಯುವುದು) ಬ್ಯಾಕ್ಟೀರಿಯಾ ದ್ರವ 0.5 ಮ್ಯಾಕ್‌ಫರ್ಲೆಂಡ್ (ದ್ರವ ಎಷ್ಟು ಮಬ್ಬು ಅನ್ನುವ ಮಾನಕ) ಗಾಢತೆ, ಮುಲ್ಲರ್-ಹಿಂಟನ್ ಅಗಾರ್ 4 ಮಿ.ಮೀ. ದಪ್ಪ. ತೆಳುವಾದರೆ ವಲಯ ದೊಡ್ಡದಾಗಿ, ಪ್ರತಿರೋಧಿ ಬ್ಯಾಕ್ಟೀರಿಯಾ ಸೂಕ್ಷ್ಮ ಅಂತ ತೋರುತ್ತದೆ. ಪ್ರತಿ ಬ್ಯಾಚ್‌ಗೂ ನಿಯಂತ್ರಣ ತಳಿ, ಅಂದರೆ ಫಲಿತಾಂಶ ಮೊದಲೇ ಗೊತ್ತಿರುವ ತಳಿ, ಓಡಿಸಿ (ಸ್ಟ್ಯಾಫ್‌ಗೆ ಎಟಿಸಿಸಿ 25923, ಇ. ಕೋಲೈಗೆ 25922), ಅದರ ವಲಯದ ಅಳತೆ ದಾಖಲಿಸಿ.

ತೊರೆ:
ಇಬ್ಬರಿಗೂ ಧನ್ಯವಾದ. ಹಿಂಡುಗಳು ದೂರದೂರ ಇವೆ. −20 ಡಿಗ್ರಿಯಲ್ಲಿ ಇಟ್ಟು ಆಮೇಲೆ ಒಟ್ಟಿಗೆ ಕಲ್ಚರ್ ಮಾಡಬಹುದಾ?

ಅಗಾರ್:
ಸ್ಟ್ಯಾಫ್‌ಗೆ ಮಾತ್ರ ಅಂತಾದರೆ ಆಗುತ್ತದೆ. ಇ. ಕೋಲೈ ಮಾತ್ರ ಹೆಪ್ಪುಗಟ್ಟಿದಾಗ ಸಾಯುತ್ತಾ ಹೋಗುತ್ತದೆ, ನಿಮ್ಮ ಟೇಬಲ್‌ನಲ್ಲಿ ಅದರ ಪಾಲು ಸುಳ್ಳಾಗಿ ಇಳಿಯುತ್ತದೆ. ಅರ್ಧ ಸ್ಯಾಂಪಲ್ ತಾಜಾ, ಅರ್ಧ ಫ್ರೀಜರ್ ಅಂತ ಮಾಡೋದು ಇನ್ನೂ ಕೆಟ್ಟದ್ದು. ಆಗ ಹಿಂಡುಗಳ ನಡುವೆ ಕಾಣುವ ವ್ಯತ್ಯಾಸ ಹಿಂಡಿನದೋ ಫ್ರೀಜರಿನದೋ ಅಂತ ಯಾರಿಗೂ ಹೇಳಲಾಗಲ್ಲ.

ಹೊಸಹುಲ್ಲು:
ಒಂದು ವಿಷಯ ಬಿಟ್ಟುಹೋಗಿದೆ. ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲ ಸ್ಯಾಂಪಲ್‌ಗಿಂತ ಮುಂಚಿನ ತಾರೀಖಿನದ್ದಾಗಿರಲಿ, 'ಹಾಲು ತಾನೇ, ಸೂಜಿ ಚುಚ್ಚಲ್ವಲ್ಲ' ಅಂತ ಬಿಡಬೇಡಿ. ಅನುಮತಿ ಬೇಕೋ ಬೇಡವೋ ಅಂತ ಸಮಿತಿಯೇ ಬರಹದಲ್ಲಿ ಹೇಳಲಿ. ಹಿಂದಿನ ತಾರೀಖಿಗೆ ಅನುಮತಿ ಸಿಗಲ್ಲ, ಪತ್ರವಿಲ್ಲದ ಪೇಪರನ್ನು ಜರ್ನಲ್‌ಗಳು ವಾಪಸ್ ಕಳಿಸುತ್ತವೆ. ಹಸು ಸಾಕಿದವರ ಲಿಖಿತ ಒಪ್ಪಿಗೆಯೂ ಬೇಕು. ಯಾವ ತೊಟ್ಟಿನಲ್ಲಿ ಸೋಂಕಿದೆ ಅಂತ ಅವರಿಗೆ ತಿಳಿಸುವುದನ್ನೂ ಯೋಜನೆಯಲ್ಲೇ ಸೇರಿಸಿ. ಹಾಲು ಅವರದ್ದು, ಫಲಿತಾಂಶ ಅವರಿಗೆ ಮೊದಲು ಸೇರಬೇಕು.

ಮತ್ತೆ, ಹಸುವಿನ ಗುರುತು, ತೊಟ್ಟು, ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ, ಕೊನೆಯ ಚಿಕಿತ್ಸೆ: ಇಷ್ಟನ್ನು ಕೊಟ್ಟಿಗೆಯಲ್ಲೇ ಬರೆದುಕೊಳ್ಳಿ. ಗೈಡ್ ಜೊತೆ ಕೂತು ಖಾಲಿ ಟೇಬಲ್‌ಗಳನ್ನು ಈಗಲೇ ಹಾಕಿ. ಯಾವ ಕಾಲಂ ತುಂಬಲು ಮಾಹಿತಿ ಇರಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತದೆ.