‘ಹಿಡಿಯವಲ್ದು’ ಅಂದರೆ ಬರೀ ‘ಹಿಡಿಯುತ್ತಿಲ್ಲ’ ಅಂತಾನಾ?

ಎಲ್ಲರಿಗೂ ನಮಸ್ಕಾರ.

ನಾನು ತುಮಕೂರು ಕಡೆಯವನು. ಕಲಬುರಗಿಗೆ ಬಂದು ನಾಲ್ಕು ವರ್ಷವಾಯ್ತು. ಹೋದ ವಾರ ಕಾರಿನ ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಮನೆಯಲ್ಲಿದ್ದ ಚಾರ್ಜರ್‌ಗೆ ಹಾಕಿದೆ. ದೀಪ ಒಮ್ಮೆ ಮಿಣುಕಿ ಆರಿಹೋಯಿತು. ಮತ್ತೆ ಹಾಕಿದರೂ ಅದೇ ಕತೆ. ಚಾರ್ಜರ್ ಕೆಟ್ಟಿದೆ ಅಂದುಕೊಂಡು ಎರಡನ್ನೂ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಬ್ಯಾಟರಿ ಅಂಗಡಿಗೆ ಹೊತ್ತುಕೊಂಡು ಹೋದೆ.

“ಎಷ್ಟೊತ್ತು ಹಚ್ಚಿದ್ರಿ?” ಅಂತ ಅಂಗಡಿಯ ಹಿರಿಯರು ಕೇಳಿದರು. ನಮ್ಮ ಕಡೆ ಹಚ್ಚುವುದು ದೀಪ, ಇಲ್ಲಾ ಎಣ್ಣೆ. ಇಲ್ಲಿ ಚಾರ್ಜಿಂಗ್ ಕೂಡ ಹಚ್ಚುತ್ತಾರೆ. ಆಮೇಲೆ ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ತಾಗಿಸಿದರು. 12 ವೋಲ್ಟಿನ ಬ್ಯಾಟರಿ ತುಂಬಿದ್ದಾಗ 12.6ರ ಆಸುಪಾಸು ತೋರಿಸಬೇಕು. ಇದು 7 ದಾಟಲಿಲ್ಲ.

“ಚಾರ್ಜರ್ ಖರಾಬ್ ಇಲ್ರಿ ಸರ. ಬ್ಯಾಟ್ರಿ ಹಿಡಿಯವಲ್ದು.”

ವಿಷಯ ಇಷ್ಟೇ. ಈಗಿನ ಆಟೋಮ್ಯಾಟಿಕ್ ಚಾರ್ಜರ್‌ಗಳಲ್ಲಿ ಹೆಚ್ಚಿನವು ಬ್ಯಾಟರಿ ತೀರಾ ಇಳಿದಿದ್ದರೆ ಬ್ಯಾಟರಿಯೇ ಇಲ್ಲ ಅಂದುಕೊಂಡು ಸುಮ್ಮನಾಗುತ್ತವೆ. ಹಾಗಾಗಿ ಬ್ಯಾಟರಿಗೆ ಜೋಡಿಸದೆ ಚಾರ್ಜರಿನ ಬರೀ ಕ್ಲಿಪ್ಪುಗಳಿಗೆ ಮೀಟರ್ ಇಟ್ಟು ಸೊನ್ನೆ ಬಂತೆಂದು ಚಾರ್ಜರನ್ನು ಬೈಯುವ ಹಾಗಿಲ್ಲ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿತ್ತು. ಅಡುಗೆ ಸೋಡಾ ಕದಡಿದ ಬಿಸಿನೀರು ಹಾಕಿ ತಂತಿ ಬ್ರಷ್ಷಿನಿಂದ ತಿಕ್ಕಿದರು. ಇನ್ನೊಂದು ಒಳ್ಳೆಯ ಬ್ಯಾಟರಿಯನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿ ಆಮೇಲೆ ಚಾರ್ಜರ್ ಹಚ್ಚಿದರು. ದೀಪ ಆರಲಿಲ್ಲ. “ಈಗ ಹಿಡೀತು ನೋಡ್ರಿ.”

ಅಲ್ಲೇ ಸ್ಟೂಲಿನ ಮೇಲೆ ಕೂತು ಬಂದವರ ಮಾತು ಕೇಳಿಸಿಕೊಂಡೆ. ಬಂದವರು ‘ಏರವಲ್ದು’ (ಚಾರ್ಜ್ ಏರುತ್ತಿಲ್ಲ) ಅಂದರೆ ಹಿರಿಯರು ಮೊದಲು ವೈರು, ಫ್ಯೂಸು ನೋಡುತ್ತಿದ್ದರು. ‘ಹಿಡಿಯವಲ್ದು’ ಅಂದರೆ ಬ್ಯಾಟರಿ ನೋಡುತ್ತಿದ್ದರು. ‘ನಿಲ್ಲವಲ್ದು’ ಅಂದರೆ, ರಾತ್ರಿ ತುಂಬಿದ್ದು ಬೆಳಗ್ಗೆ ಖಾಲಿ, ಬ್ಯಾಟರಿಗೆ ವಯಸ್ಸಾಗಿದೆ. ನನ್ನ ಚಾರ್ಜರ್ ಜೊತೆ ಬಂದ ಕನ್ನಡ ಹಾಳೆಯಲ್ಲಿ ಈ ಮೂರಕ್ಕೂ ಸೇರಿಸಿ ‘ಕಾರ್ಯನಿರ್ವಹಿಸದಿದ್ದಲ್ಲಿ’ ಅಂತಿದೆ. ಅದನ್ನು ಓದಿ ಯಾರು ಏನು ರಿಪೇರಿ ಮಾಡಿಯಾರು!

ಈಗ ನನ್ನ ಪ್ರಶ್ನೆ. ಈ ಮಾತುಗಳ ಕೊನೆಗೆಲ್ಲ ಇರುವ ‘ವಲ್ದು’ ಇದೆಯಲ್ಲ, ಉದಾಹರಣೆಗೆ ‘ಆಗವಲ್ದು’, ಅದು ಬಂದಿರುವುದು ‘ಆಗಲೊಲ್ಲದು’ ಎಂಬುದರಿಂದ. ‘ನಾನೊಲ್ಲೆ’ ಅನ್ನುವಾಗಿನ ಅದೇ ಒಲ್ಲೆ. ಹಾಗಾಗಿ ನನ್ನ ಕಿವಿಗೆ ಅದರಲ್ಲಿ ಒಂದು ಹಟ ಕೇಳಿಸುತ್ತದೆ: ನಾವು ಮಾಡುವುದನ್ನೆಲ್ಲ ಮಾಡಿದ್ದೇವೆ, ಅದೇ ಒಪ್ಪುತ್ತಿಲ್ಲ. ಒಬ್ಬ ಹುಡುಗ ಬಂದು “ಚಾರ್ಜ್ ಆಗವಲ್ದು” ಅಂದಾಗ ಹಿರಿಯರು “ಸ್ವಿಚ್ ಹಾಕಿದ್ದೇನು ಮತ್ತ?” ಅಂತ ನಕ್ಕರು. ಸ್ವಿಚ್ಚೇ ಹಾಕದಿದ್ದರೆ ‘ವಲ್ದು’ ಅನ್ನುವ ಹಕ್ಕಿಲ್ಲ ಅಂತ ತಾನೇ?

ಆದರೆ ಇದೇ ಊರಲ್ಲಿ ‘ಮಳಿ ಬರವಲ್ದು’ ಅಂತಲೂ ಅನ್ನುತ್ತಾರೆ. ಮಳೆಗೆ ಯಾವ ಸ್ವಿಚ್ಚು? ಅಲ್ಲಿ ಹಟದ ಅರ್ಥ ಸವೆದುಹೋಗಿ ಸುಮ್ನೆ ‘ಬರುತ್ತಿಲ್ಲ’ ಆಗಿದೆಯಾ, ಅಥವಾ ಕಾದು ಕಾದು ಸಾಕಾದವರ ಮಾತಾ? ಇಲ್ಲಿ ಹುಟ್ಟಿ ಬೆಳೆದವರೇ ಹೇಳಬೇಕು. ಬೀದರ್, ಯಾದಗಿರಿ ಕಡೆಯವರು ಏರು, ಹಿಡಿ, ನಿಲ್ಲು ಇವನ್ನು ಹೀಗೇ ಬೇರೆಬೇರೆಯಾಗಿ ಬಳಸುತ್ತೀರಾ, ಅಥವಾ ಇದು ಆ ಅಂಗಡಿಯೊಂದರ ಲೆಕ್ಕವಾ?